ಮೊದಲು ಮಸೆಯಲು ಕಲಿಯಿರಿ, ಆಮೇಲೆ ಚಾಕು ಕೊಳ್ಳಿ

ನಮ್ಮಜ್ಜನ ಕವಳದ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಒಂದು ಮಡಚುವ ಚಾಕು ಇರುತ್ತಿತ್ತು. ಎರಡು ಅಲಗು, ಮೂಳೆಯ ಹಿಡಿ, ಎರಡೂ ತುದಿಗೆ ಬಿಳಿ ಲೋಹದ ಕಟ್ಟು. ದೊಡ್ಡ ಅಲಗು ವರ್ಷಾನುಗಟ್ಟಲೆ ಮಸೆದು ಮಸೆದು ಗರಿಕೆಯ ಎಸಳಿನ ಹಾಗೆ ಸಪೂರವಾಗಿತ್ತು. ಅದರ ಬುಡವನ್ನು ಕಣ್ಣಿನ ಹತ್ತಿರ ತಂದು ನೋಡಿದರೆ ಒಂದು ನಕ್ಷತ್ರ, ಒಂದು ಶಿಲುಬೆ ಕಾಣುತ್ತಿತ್ತು. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಜರ್ಸ್ ಕಂಪನಿಯ ಮುದ್ರೆ ಅದು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಅಜ್ಜನಿಗೆ ಅದು ಬರೀ ‘ಚೂರಿ’. ಬಾಳೆಲೆ ಕೊಯ್ಯಲಿಕ್ಕೆ, ವೀಳ್ಯದೆಲೆಯ ತೊಟ್ಟು ತೆಗೆಯಲಿಕ್ಕೆ, ಕಾಲಿಗೆ ಹೊಕ್ಕ ಮುಳ್ಳು ಕೀಳಲಿಕ್ಕೆ.

ಅಜ್ಜ ಹೋದ ಮೇಲೆ ಅದು ನನ್ನ ಕೈಗೆ ಬಂತು. ಬೆಂಗಳೂರಿಗೆ ತಂದೆ. ಮೊಂಡಾಗಿತ್ತು. ಬೀದಿಯಲ್ಲಿ ಮೋಟಾರು ಚಕ್ರ ಇಟ್ಟುಕೊಂಡು ಸಾಣೆ ಹಿಡಿಯುವವರೊಬ್ಬರಿಗೆ ಕೊಟ್ಟೆ. ಕಿಡಿ ಹಾರಿತು, ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು, ಹರಿತವೂ ಬಂತು. ಮನೆಗೆ ಬಂದು ನೋಡಿದರೆ ಮೊನೆಯ ಹತ್ತಿರ ಬೆರಳಗಲ ಜಾಗ ನವಿಲುಗರಿಯ ಹಾಗೆ ನೀಲಿ ತಿರುಗಿತ್ತು. ವಾರ ಕಳೆಯುವುದರೊಳಗೆ ಆ ಭಾಗ ಮತ್ತೆ ಮೊಂಡು.

ಆದದ್ದು ಇಷ್ಟು. ಹಳೆಯ ಚಾಕುಗಳ ಉಕ್ಕನ್ನು ಕೆಂಪಗೆ ಕಾಯಿಸಿ, ಅದ್ದಿ ಗಟ್ಟಿ ಮಾಡಿ, ಆಮೇಲೆ ಸುಮಾರು 200 ಡಿಗ್ರಿ ಬಿಸಿಯಲ್ಲಿ ಹದ ಮಾಡಿರುತ್ತಾರೆ. ಆ ಹದ ದಾಟಿ 300 ಡಿಗ್ರಿ ಹತ್ತಿರ ಹೋದರೆ ಉಕ್ಕಿನ ಮೇಲೆ ನೀಲಿ ಬಣ್ಣ ಏಳುತ್ತದೆ, ಗಟ್ಟಿತನ ಇಳಿಯುತ್ತದೆ. ಅಲಗಿನ ಬಾಯಿ ಕಾಗದದಷ್ಟು ತೆಳು. ಒಣ ಚಕ್ರಕ್ಕೆ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಷ್ಟು ಬಿಸಿಯಾಗುತ್ತದೆ. ತಪ್ಪು ಚಕ್ರದವರದ್ದಲ್ಲ. ಅಡುಗೆಮನೆಯ ದಪ್ಪ ಕತ್ತಿಗೆ ಆ ಚಕ್ರ ನಡೆಯುತ್ತದೆ. ಇಂಥ ಚಾಕುವನ್ನು ಅದಕ್ಕೆ ಕೊಟ್ಟಿದ್ದು ನನ್ನ ತಪ್ಪು.

ಜೇಬಿನ ಚಾಕುಗಳ ಹುಚ್ಚು ಹತ್ತಿದವರೆಲ್ಲ ಮೊದಲು ಕೊಳ್ಳುತ್ತಾರೆ, ಆಮೇಲೆ ಇಟ್ಟುಕೊಂಡು ತಿರುಗುತ್ತಾರೆ, ಎಲ್ಲ ಮೊಂಡಾದ ಮೇಲೆ ಮಸೆಯುವುದು ಹೇಗೆ ಅಂತ ಕೇಳುತ್ತಾರೆ. ನಾನು ಈ ಬರಹದಲ್ಲಿ ಅದನ್ನು ತಿರುವು ಮುರುವು ಮಾಡಿದ್ದೇನೆ. ಮಸೆಯಲು ಬಂದವರಿಗೆ ಸಂತೆಯಲ್ಲಿ ಹಳೆಯ ಚಾಕು ನೋಡುವ ಕಣ್ಣು ತಾನಾಗಿಯೇ ಬರುತ್ತದೆ.

ಯಾವ ಚಾಕುಗಳ ಮಾತು ಇದು

ಸಾಂಪ್ರದಾಯಿಕ ಮಡಚುವ ಚಾಕುಗಳಲ್ಲಿ ಮುಖ್ಯವಾಗಿ ಮೂರು ಬಗೆ.

ಒಂದು, ಅಜ್ಜನ ಚಾಕುವಿನ ಹಾಗೆ ಬೆನ್ನಿಗೆ ಪಟ್ಟಿ ಸ್ಪ್ರಿಂಗ್ ಇರುವುದು. ಇದಕ್ಕೆ ಸ್ಲಿಪ್‌ಜಾಯಿಂಟ್ ಅನ್ನುತ್ತಾರೆ. ಅಲಗನ್ನು ತೆರೆದಾಗಲೂ ಮಡಚಿದಾಗಲೂ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ, ಬೀಗ ಮಾತ್ರ ಇಲ್ಲ. ಕೆಂಪು ಹಿಡಿಯ ಸ್ವಿಸ್ ಚಾಕುವೂ ಇದೇ ಜಾತಿ. 1884ರಲ್ಲಿ ಕಾರ್ಲ್ ಎಲ್ಸೆನರ್ ಶುರು ಮಾಡಿದ ಕಾರ್ಖಾನೆಯದು ಅದು. ಮುಂದೆ ತಾಯಿ ವಿಕ್ಟೋರಿಯಾ ಹೆಸರಿಗೆ, ತುಕ್ಕು ಹಿಡಿಯದ ಉಕ್ಕಿನ ‘ಇನಾಕ್ಸ್’ ಸೇರಿ 1921ರಲ್ಲಿ ವಿಕ್ಟೋರಿನಾಕ್ಸ್ ಆಯಿತು.

ಎರಡು, ಸ್ಪ್ರಿಂಗೂ ಇಲ್ಲದ್ದು. ಬರೀ ರಿವೆಟ್ಟಿನ ಬಿಗಿಯಲ್ಲಿ ನಿಲ್ಲುತ್ತದೆ. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಇದಕ್ಕೆ ಒಳ್ಳೆಯ ಉದಾಹರಣೆ. ಮಡಚಿದ ತಗಡಿನ ಹಿಡಿ, ಅಲಗಿನ ಹಿಂದೆ ಬಾಲದಂಥ ಒಂದು ತುಂಡು. ಹೆಬ್ಬೆರಳಿನಲ್ಲಿ ಆ ಬಾಲ ಒತ್ತಿ ಹಿಡಿದರೇ ಅಲಗು ತೆರೆದು ನಿಲ್ಲುವುದು. ಒಂದು ಕಾಲಕ್ಕೆ ಅಲ್ಲಿನ ಶಾಲಾ ಮಕ್ಕಳು ಪೆನ್ಸಿಲ್ ಹೆರೆಯುತ್ತಿದ್ದದ್ದು ಇದರಲ್ಲೇ.

ಮೂರು, ಉಂಗುರ ತಿರುಗಿಸಿ ಬೀಗ ಹಾಕುವುದು. ಇದು ಫ್ರಾನ್ಸಿನ ಸವೋಯಿ ಪ್ರಾಂತ್ಯದ ಒಪಿನೆಲ್. ಇದರ ಕತೆ ಮುಂದೆ ಬರುತ್ತದೆ.

ಗುಂಡಿ ಒತ್ತಿದರೆ ಛಕ್ಕನೆ ತೆರೆಯುವ ಚಾಕುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ರಾಂಪುರಿ ಚಾಕುವಿನ ಕೈಕೆಲಸ ಚೆಂದವೇ, ಸುಳ್ಳಲ್ಲ. 2023ರಲ್ಲಿ ರಾಂಪುರದ ಒಂದು ವೃತ್ತದಲ್ಲಿ ಸುಮಾರು 20 ಅಡಿಯ ದೈತ್ಯ ಚಾಕುವನ್ನೇ ನಿಲ್ಲಿಸಿದ್ದಾರೆ. ಆದರೆ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿನ ರಾಂಪುರಿಯನ್ನು ಉತ್ತರ ಪ್ರದೇಶ ಸರ್ಕಾರ 1990ರ ದಶಕದಲ್ಲೇ ನಿಷೇಧಿಸಿತು. ಸಿನಿಮಾದ ಖಳನಾಯಕರು ಅದಕ್ಕೆ ತಂದ ಹೆಸರು ಇನ್ನೂ ಹೋಗಿಲ್ಲ. ಕೊಡಗಿನ ಪೀಚೆಕತ್ತಿಯೂ ಇಲ್ಲಿ ಬರುವುದಿಲ್ಲ. ಅದು ಸೊಂಟದ್ದು, ಜೇಬಿನದ್ದಲ್ಲ.

ಕಲ್ಲು

ಮೊದಲು ಒಂದು ಅಗ್ಗದ ಚಾಕು ಹಿಡಿಯಿರಿ. ಹಾಳಾದರೂ ಹೊಟ್ಟೆ ಉರಿಯಬಾರದು, ಅಂಥದ್ದು. ಅಡುಗೆಮನೆಯ ತೆಳು ಹಣ್ಣಿನ ಚಾಕು ಆದೀತು.

ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಖದ ಕಾರ್ಬೊರಂಡಮ್ ಸಾಣೆ ಕಲ್ಲು ಸಿಗುತ್ತದೆ. ಒಂದು ಮುಖ ಒರಟು, ಇನ್ನೊಂದು ನಯ. ಕತ್ತಿ, ಕುಡುಗೋಲಿಗೆ ಅದು ಸಾಕು. ಜೇಬಿನ ಚಾಕುವಿನ ತೆಳು ಬಾಯಿಗೆ ಇನ್ನೂ ನಯವಾದದ್ದು ಬೇಕು. ಕಲ್ಲಿನ ಮೇಲೆ 400, 1000, 3000 ಅಂತೆಲ್ಲ ಬರೆದಿರುತ್ತದೆ ಅಲ್ವಾ, ಅದು ಕಣದ ಲೆಕ್ಕ. 400 ಅಂದರೆ ಉಪ್ಪಿಟ್ಟಿನ ರವೆ, 1000 ಅಂದರೆ ಚಿರೋಟಿ ರವೆ, 3000 ಅಂದರೆ ಮೈದಾ ಅಂದುಕೊಳ್ಳಿ. ಒಂದೇ ಕಲ್ಲು ಕೊಳ್ಳುವುದಾದರೆ 1000ದ್ದು ಕೊಳ್ಳಿ. ಎರಡು ಮುಖದ್ದು ಸಿಕ್ಕರೆ 1000 ಮತ್ತು 3000 ಸೇರಿದ್ದು. 400 ಬೇಕಾಗುವುದು ಬಾಯಿ ಮುಕ್ಕಾದಾಗ ಮಾತ್ರ.

ನೀರಿನ ಕಲ್ಲಾದರೆ ಹತ್ತು ನಿಮಿಷ ನೀರಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲಲಿ. ಅದಕ್ಕೆ ಎಣ್ಣೆ ಹಾಕಬೇಡಿ. ಒಮ್ಮೆ ಎಣ್ಣೆ ಕುಡಿದ ಕಲ್ಲು ಆಮೇಲೆ ನೀರು ಕುಡಿಯುವುದಿಲ್ಲ. ಕಲ್ಲಿನ ಅಡಿಗೆ ನಾಲ್ಕು ಮಡಿಕೆ ಮಾಡಿದ ಒದ್ದೆ ಬಟ್ಟೆ ಹಾಸಿ. ಜಾರುವ ಕಲ್ಲಿನಷ್ಟು ಬೆರಳು ಕೊಯ್ಯುವ ವಸ್ತು ಬೇರೆ ಇಲ್ಲ.

ಮಸೆಯುವುದು

ಎಲ್ಲರೂ ಎಡವುವುದು ಓರೆಯಲ್ಲಿ. ಅಲಗನ್ನು ಕಲ್ಲಿನ ಮೇಲೆ ಎಷ್ಟು ಎತ್ತಿ ಹಿಡಿಯಬೇಕು? ಪುಸ್ತಕದ ಪ್ರಕಾರ ಒಂದೊಂದು ಬದಿಗೆ 15ರಿಂದ 20 ಡಿಗ್ರಿ. ಕೈಗೆ ಡಿಗ್ರಿ ತಿಳಿಯುವುದಿಲ್ಲ, ಎತ್ತರ ತಿಳಿಯುತ್ತದೆ. ಹಾಗಾಗಿ ಹೀಗೆ ಮಾಡಿ. ಅಲಗಿನ ಅಗಲ ಅಳೆಯಿರಿ. ಆ ಅಗಲದ ಕಾಲು ಭಾಗದಷ್ಟು ಬೆನ್ನು ಎತ್ತಿದರೆ ಹತ್ತಿರ ಹತ್ತಿರ 15 ಡಿಗ್ರಿ. ಮೂರನೇ ಒಂದು ಭಾಗ ಎತ್ತಿದರೆ 20ಕ್ಕೆ ಸ್ವಲ್ಪ ಕಡಿಮೆ. ನನ್ನ ಒಂದು ಚಾಕುವಿನ ಅಲಗು 12 ಮಿಲಿಮೀಟರ್ ಅಗಲ. ಕಾಲು ಭಾಗ ಅಂದರೆ 3 ಮಿಲಿಮೀಟರ್. ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟರೆ ಸುಮಾರು ಅಷ್ಟೇ ಎತ್ತರ. ನಾಣ್ಯಗಳನ್ನು ಕಲ್ಲಿನ ತುದಿಯಲ್ಲಿಟ್ಟು, ಬೆನ್ನನ್ನು ಅದಕ್ಕೆ ತಾಗಿಸಿ, ಆ ಓರೆಯನ್ನು ಮಣಿಕಟ್ಟಿಗೆ ಪರಿಚಯ ಮಾಡಿಸಿ. ಆಮೇಲೆ ನಾಣ್ಯ ತೆಗೆದು ಮಸೆಯಿರಿ. ಸಂದೇಹ ಬಂದಾಗ ಮತ್ತೆ ಇಟ್ಟು ನೋಡಿ.

ಇನ್ನೊಂದು ಉಪಾಯ ಮಾರ್ಕರ್ ಪೆನ್ನು. ಬಾಯಿಯ ಅಂಚಿಗೆ ಉದ್ದಕ್ಕೂ ಕಪ್ಪು ಬಳಿಯಿರಿ. ಎರಡು ಸಲ ಮಸೆದು ನೋಡಿ. ಅಂಚಿನ ತುದಿಯ ಕಪ್ಪು ಹೋಗಿದ್ದರೆ ಓರೆ ಸರಿ. ತುದಿಯಲ್ಲಿ ಕಪ್ಪು ಉಳಿದು ಮೇಲಿನದ್ದು ಮಾತ್ರ ಹೋಗಿದ್ದರೆ ನೀವು ತೀರಾ ಮಲಗಿಸಿ ಹಿಡಿದಿದ್ದೀರಿ. ನಾನು ಕಲಿಯುವಾಗ ಇಡೀ ಒಂದು ಪೆನ್ನು ಇದಕ್ಕೇ ಖಾಲಿ ಮಾಡಿದ್ದೇನೆ.

ಈಗ ಕೆಲಸ. ಸ್ಲಿಪ್‌ಜಾಯಿಂಟ್ ಆದರೆ ಕೀಲಿನ ಸುತ್ತ ಒಂದು ಸುತ್ತು ಟೇಪ್ ಹಾಕಿ. ಕಲ್ಲಿನ ಕೆಸರು ಕೀಲಿಗೆ ಇಳಿದರೆ ಒಳಗಿಂದ ಸವೆಯುತ್ತದೆ. ಅಲಗಿನ ಬುಡದ ಮುದ್ರೆಯೂ ಗೀರುಬೀಳದೆ ಉಳಿಯುತ್ತದೆ. ಬಲಗೈಯಲ್ಲಿ ಹಿಡಿ, ತೋರುಬೆರಳು ಅಲಗಿನ ಬೆನ್ನಿನ ಮೇಲೆ. ಎಡಗೈಯ ಎರಡು ಬೆರಳ ತುದಿ ಅಲಗಿನ ಮೇಲೆ, ಬಾಯಿಗೆ ತಾಗದಂತೆ. ಬುಡದಿಂದ ಶುರು ಮಾಡಿ ಮೊನೆಯವರೆಗೆ, ಕಲ್ಲಿನ ಉದ್ದಕ್ಕೂ ಎಳೆಯಿರಿ. ಮೊನೆಯ ಹತ್ತಿರ ಅಲಗು ಬಾಗುವ ಕಡೆ ಹಿಡಿಯನ್ನು ಒಂದು ಚೂರು ಎತ್ತಬೇಕು. ಇಲ್ಲದಿದ್ದರೆ ಮೊನೆಗೆ ಕಲ್ಲು ತಾಗುವುದೇ ಇಲ್ಲ. ಒತ್ತಡ ಎಷ್ಟು ಅಂದರೆ, ಕಾವಲಿಯ ಮೇಲೆ ದೋಸೆ ಹರಡುವಾಗ ಸೌಟಿನ ಮೇಲೆ ಇಡುತ್ತೀರಲ್ಲ, ಅಷ್ಟು. ಜಾಸ್ತಿ ಒತ್ತಿದರೆ ದೋಸೆಯೂ ಕಿತ್ತು ಬರುತ್ತದೆ, ಓರೆಯೂ ಕೆಡುತ್ತದೆ.

ಒಂದೇ ಬದಿಯನ್ನು ಹೀಗೆ ಮಸೆಯುತ್ತಾ ಹೋಗಿ. ಎಷ್ಟು ಸಲ ಅಂತ ಎಣಿಸಬೇಡಿ. ಹೆಬ್ಬೆರಳನ್ನು ಇನ್ನೊಂದು ಬದಿಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ, ಹೊರಮುಖವಾಗಿ, ಹಗುರಾಗಿ ಸವರಿ ನೋಡುತ್ತಿರಿ. ಬಾಯಿಯ ಉದ್ದಕ್ಕೂ ಬೆರಳಿಗೆ ತಡೆಯುವ ಒಂದು ಸಣ್ಣ ಒರಟು ಅಂಚು ಬರಬೇಕು. ಈ ಕೆಲಸ ಬಲ್ಲವರು ಅದಕ್ಕೆ ಬರ್ ಅನ್ನುತ್ತಾರೆ. ನಾನು ಮೀಸೆ ಅನ್ನುತ್ತೇನೆ. ಮೀಸೆ ಬುಡದಿಂದ ಮೊನೆಯವರೆಗೆ ಬಂದರೆ ಆ ಬದಿ ಮುಗಿಯಿತು. ಮಧ್ಯದಲ್ಲಿ ಬಂದು ಮೊನೆಯಲ್ಲಿ ಬಾರದಿದ್ದರೆ ಇನ್ನೂ ಮುಗಿದಿಲ್ಲ. ಹೊಸಬರು ತಾಳ್ಮೆ ಕಳೆದುಕೊಂಡು ಬದಿ ತಿರುಗಿಸುವುದು ಇಲ್ಲೇ. ಹರಿತ ಬರುತ್ತಿಲ್ಲ ಅನ್ನುವ ಹತ್ತು ದೂರಿನಲ್ಲಿ ಒಂಬತ್ತಕ್ಕೆ ಇದೇ ಕಾರಣ ಅಂತ ನನ್ನ ಲೆಕ್ಕ.

ಆಮೇಲೆ ತಿರುಗಿಸಿ ಇನ್ನೊಂದು ಬದಿ. ಮೀಸೆ ಈಗ ಈಚೆಗೆ ಬರುತ್ತದೆ. ಬಂದ ಮೇಲೆ ಬದಿ ಬದಲಿಸುತ್ತಾ ಐದೈದು, ನಾಲ್ಕುನಾಲ್ಕು, ಮೂರುಮೂರು ಅಂತ ಇಳಿಸುತ್ತಾ, ಒತ್ತಡವನ್ನೂ ಇಳಿಸುತ್ತಾ ಬನ್ನಿ. ಕೊನೆಯ ಎಳೆತಕ್ಕೆ ಚಾಕುವಿನ ಭಾರವಷ್ಟೇ ಸಾಕು. ನಯ ಕಲ್ಲಿದ್ದರೆ ಅದರ ಮೇಲೆ ಇದನ್ನೇ ಇನ್ನೊಮ್ಮೆ, ಈ ಸಲ ಬೇಗ.

ಉಳಿದ ಮೀಸೆ ತೆಗೆಯಲಿಕ್ಕೆ ಚರ್ಮ. ಹಿಂದೆ ಕ್ಷೌರದಂಗಡಿಯಲ್ಲಿ ಕತ್ತಿಯನ್ನು ಪಟ್ಟಿಗೆ ಪಟಪಟ ಸವರುತ್ತಿದ್ದರಲ್ಲ, ಅದೇ. ಹಳೆಯ ಚರ್ಮದ ಬೆಲ್ಟಿನ ಒಳಮೈ ಸಾಕು. ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೆಯಿರಿ. ತಿರುಗಾ ಮುರುಗಾ ಮಾಡಿದರೆ ಬೆಲ್ಟ್ ಎರಡು ತುಂಡು. ಚರ್ಮ ಇಲ್ಲದಿದ್ದರೆ ಕಲ್ಲಿನ ಮೇಲೆ ದಿನಪತ್ರಿಕೆ ಸುತ್ತಿ ಅದರ ಮೇಲೂ ಎಳೆಯಬಹುದು.

ಹರಿತ ನೋಡುವುದು ಹೇಗೆ? ಕೈ ಕೂದಲು ಬೋಳಿಸಿ ತೋರಿಸುವ ಪೌರುಷ ಬೇಡ. ದೀಪದ ಕೆಳಗೆ ಬಾಯಿಯನ್ನು ಮೇಲೆ ಮಾಡಿ ಹಿಡಿಯಿರಿ. ಎಲ್ಲಿ ಬಿಳಿ ಚುಕ್ಕಿ ಮಿನುಗುತ್ತದೋ ಅಲ್ಲಿ ಮೊಂಡು. ಹರಿತವಾದ ಬಾಯಿಗೆ ಬೆಳಕು ಹಿಡಿಯಲು ಜಾಗವೇ ಇರುವುದಿಲ್ಲ. ಆಮೇಲೆ ಒಂದು ಹಣ್ಣು ಟೊಮೆಟೊ. ಒತ್ತದೆ, ಬರೀ ಎಳೆದರೆ ಸಿಪ್ಪೆ ಕೊಯ್ಯಬೇಕು.

ಮೊದಲ ದಿನ ಮುಕ್ಕಾಲು ಗಂಟೆ ಹಿಡಿಯಬಹುದು. ಕೈ ಕೂತ ಮೇಲೆ ಹತ್ತು ನಿಮಿಷ. ವಾರಕ್ಕೊಮ್ಮೆ ಬೆಲ್ಟಿಗೆ ಸವರುತ್ತಿದ್ದರೆ ಕಲ್ಲಿನ ಹತ್ತಿರ ಹೋಗುವುದು ಅಪರೂಪವಾಗುತ್ತದೆ.

ಕಸಿ ಕಟ್ಟುವವರಿಗೆ ಒಂದು ಮಾತು. ಅಪ್ಪೆಮಿಡಿಗೋ ಹಲಸಿಗೋ ಕಸಿ ಕಟ್ಟುವ ಮಡಚುವ ಚಾಕುಗಳಲ್ಲಿ ಎಷ್ಟೋ ಒಂದೇ ಬದಿಗೆ ಓರೆ ಇರುವಂಥವು. ಇನ್ನೊಂದು ಬದಿ ಚಪ್ಪಟೆ. ಚಪ್ಪಟೆ ಬದಿಯನ್ನು ಕಲ್ಲಿಗೆ ಪೂರ್ತಿ ಮಲಗಿಸಿ ಮೀಸೆ ತೆಗೆಯಿರಿ, ಅಷ್ಟೇ. ಅಲ್ಲೂ ಓರೆ ಮಾಡಿದಿರೋ, ಕೊಯ್ದ ಮುಖ ಸಮ ಬರುವುದಿಲ್ಲ, ಕಸಿ ಸರಿಯಾಗಿ ಕೂರುವುದಿಲ್ಲ.

ಕಲ್ಲಿನ ಮಧ್ಯ ಸವೆದು ಬಾಣಲೆಯಾದರೆ ಓರೆ ನಿಲ್ಲುವುದಿಲ್ಲ. ಗಾಜಿನ ಮೇಲೆ ಒರಟು ಸ್ಯಾಂಡ್‌ಪೇಪರ್ ಇಟ್ಟು ನೀರು ಹಾಕಿ ಕಲ್ಲನ್ನೇ ತಿಕ್ಕಿ ಸಮ ಮಾಡಿ.

ಮೊದಲ ಚಾಕು

ಒಂದೇ ಒಂದು ಹೇಳಿ ಅಂದರೆ ನಾನು ಒಪಿನೆಲ್ 8ನೇ ನಂಬರ್ ಅನ್ನುತ್ತೇನೆ. ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು ಇದು. 1897ರಲ್ಲಿ 1ರಿಂದ 12ರವರೆಗೆ ಅಳತೆಗಳು ಬಂದವು. 1 ಮತ್ತು 11 ಆಮೇಲೆ ನಿಂತುಹೋದವು. ಹಾಗಾಗಿ ಪೂರ್ತಿ ಸೆಟ್ ಅಂದರೆ ಈಗ ಹತ್ತೇ. ಬೀಗದ ಉಂಗುರ ಸೇರಿದ್ದು 1955ರಲ್ಲಿ. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್. ಬೀಚ್ ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಉಂಗುರ. ಬಿಚ್ಚಿ ನೋಡಿದರೆ ಇದಕ್ಕಿಂತ ಕಡಿಮೆ ಸಾಮಾನಿನಲ್ಲಿ ಚಾಕು ಮಾಡುವುದು ಕಷ್ಟ ಅನ್ನಿಸುತ್ತದೆ.

ಇದರಲ್ಲಿ ಕಾರ್ಬನ್ ಉಕ್ಕಿನದ್ದೂ ಇದೆ, ಸ್ಟೇನ್‌ಲೆಸ್‌ದೂ ಇದೆ. ಕಾರ್ಬನ್‌ನದ್ದು ಕಲ್ಲಿಗೆ ಬೇಗ ಒಲಿಯುತ್ತದೆ, ಆದರೆ ತುಕ್ಕು. ಘಟ್ಟದ ಮೇಲಿನವರು, ಕರಾವಳಿಯವರು ಮೊದಲ ಚಾಕುವಿಗೆ ಸ್ಟೇನ್‌ಲೆಸ್ ತೆಗೆದುಕೊಳ್ಳುವುದು ಜಾಣತನ. ನಾನು ಜಾಣನಾಗಲಿಲ್ಲ, ಕಾರ್ಬನ್‌ನದ್ದೇ ಕೊಂಡೆ. ಮೊದಲ ದಿನವೇ ಮಾವಿನಕಾಯಿ ಹೆಚ್ಚಿದೆ. ಅಲಗು ಕಣ್ಣೆದುರೇ ಬೂದು ತಿರುಗಿ, ಅಲ್ಲಲ್ಲಿ ನೀಲಿ ಮೋಡ ಕಟ್ಟಿತು. ಗಾಬರಿಯಾಗಬೇಡಿ, ಇದು ತುಕ್ಕಲ್ಲ. ಬೂದು, ಕಪ್ಪು, ನೀಲಿ ಬಂದರೆ ಒಳ್ಳೆಯದು, ಅದು ಉಕ್ಕಿನ ಮೇಲೆ ಪದರವಾಗಿ ಕೂತು ತುಕ್ಕನ್ನು ತಡವಾಗಿಸುತ್ತದೆ. ಚಕ್ರಕ್ಕೆ ಹಿಡಿದು ಬಂದ ಬಿಸಿಯ ನೀಲಿ ಬೇರೆ, ಹುಳಿಯ ನೀಲಿ ಬೇರೆ. ಕೆಂಪು ಪುಡಿ ಬಂದರೆ ಮಾತ್ರ ತುಕ್ಕು, ಕೂಡಲೇ ಉಜ್ಜಿ ತೆಗೆಯಿರಿ. ಬಣ್ಣ ಒಂದೇ ಸಮ ಬೇಕು ಅನ್ನುವವರು ಅಲಗಿಗೆ ಹುಣಸೆ ಹಣ್ಣಿನ ರಸ ಬಳಿದು ಹತ್ತು ನಿಮಿಷ ಬಿಟ್ಟು ತೊಳೆಯಬಹುದು. ನನಗೆ ಹಣ್ಣು ತರಕಾರಿಗಳು ತಾವಾಗಿ ಬರೆದ ಚಿತ್ರವೇ ಇಷ್ಟ.

ಮಳೆಗಾಲದಲ್ಲಿ ಊರಿಗೆ ಒಯ್ದಾಗ ಇನ್ನೊಂದು ಪಾಠ. ಮೂರನೇ ದಿನಕ್ಕೆ ಚಾಕು ತೆರೆಯಲೇ ಇಲ್ಲ. ಮರ ತೇವ ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿದಿತ್ತು. ಉಗುರು ಮುರಿಯಿತೇ ಹೊರತು ಅಲಗು ಕದಲಲಿಲ್ಲ. ಸವೋಯಿಯ ರೈತರಿಗೂ ಇದೇ ಕಾಟ ಇತ್ತು ಅಂತ ಕಾಣುತ್ತದೆ, ಅವರು ಮಾಡುವ ಉಪಾಯ ಇದು. ಉಂಗುರ ಬಿಡಿಸಿ, ಹಿಡಿಯ ಹಿಂತುದಿಯನ್ನು, ಅಂದರೆ ಮಡಚಿದಾಗ ಮೊನೆ ಇರುವ ಕಡೆಯನ್ನು, ಮೇಜಿನ ಅಂಚಿಗೆ ಟಕ್ ಅಂತ ಬಡಿಯಿರಿ. ಮೊನೆ ತಾನಾಗಿ ಒಂದಿಷ್ಟು ಹೊರಗೆ ಬರುತ್ತದೆ. ಶಾಶ್ವತ ಪರಿಹಾರ ಬೇಕಾದರೆ ಬೇಸಿಗೆಯಲ್ಲೇ ಕೀಲಿನ ಸುತ್ತ ಮರಕ್ಕೆ ಅಗಸೆ ಎಣ್ಣೆ ಕುಡಿಸಿ. ಗಾಣದ ಎಣ್ಣೆ ಆಗಲಿ, ಬಣ್ಣದಂಗಡಿಯದ್ದು ಬೇಡ, ಅದಕ್ಕೆ ಬೇರೆ ಏನೇನೋ ಸೇರಿಸಿರುತ್ತಾರೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ.

ಹಳೆಯದನ್ನು ಹುಡುಕುವುದು

ಹಳೆಯ ಚಾಕುಗಳು ಸಿಗುವುದು ಮನೆಯ ಅಟ್ಟದಲ್ಲಿ, ಗುಜರಿಯಲ್ಲಿ, ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ, ಮುಂಬೈಯ ಚೋರ್ ಬಜಾರಿನಲ್ಲಿ. ಬೆಳಿಗ್ಗೆ ಬೇಗ ಹೋಗಿ, ಕಿಸೆಯಲ್ಲಿ ಸಣ್ಣ ಭೂತಗನ್ನಡಿ ಇರಲಿ.

ಕೈಗೆ ತೆಗೆದುಕೊಂಡ ಕೂಡಲೇ ಮುದ್ರೆ ನೋಡಬೇಡಿ. ಮೊದಲು ತೆರೆಯಿರಿ. ಸ್ಪ್ರಿಂಗ್ ಜೀವಂತವಾಗಿದ್ದರೆ ಅಲಗು ಕೊನೆಗೆ ಟಪ್ ಅಂತ ಕೂರುತ್ತದೆ. ಸುಮ್ನೆ ಜೋತುಬಿದ್ದರೆ ಸ್ಪ್ರಿಂಗ್ ಸತ್ತಿದೆ ಅಥವಾ ಮುರಿದಿದೆ, ಅದನ್ನು ರಿಪೇರಿ ಮಾಡುವವರು ಸಿಗುವುದು ಕಷ್ಟ. ಆಮೇಲೆ ಅಲಗನ್ನು ಎಡಬಲ ಅಲ್ಲಾಡಿಸಿ. ಸ್ವಲ್ಪ ಅಲುಗಾಟ ಹಳೆಯದರಲ್ಲಿ ಇದ್ದದ್ದೇ. ಮಡಚಿದಾಗ ಮೊನೆ ಹಿಡಿಯ ಒಳಗೆ ಪೂರ್ತಿ ಮುಳುಗಬೇಕು. ಮಸೆದು ಮಸೆದು ಸವೆದದ್ದರಲ್ಲಿ ಮೊನೆ ಹೊರಗೆ ಇಣುಕುತ್ತದೆ. ಅದನ್ನು ಜೇಬಿಗೆ ಹಾಕಿದರೆ ಜೇಬೂ ತೂತು, ತೊಡೆಯೂ ತೂತು. ಮೂಳೆಯ ಹಿಡಿಯಲ್ಲಿ ರಿವೆಟ್ಟಿನ ಸುತ್ತ ಬಿರುಕು ಇದೆಯಾ ನೋಡಿ. ತೀರಾ ಕನ್ನಡಿಯಂತೆ ಹೊಳೆಯುವ ಹಳೆಯ ಚಾಕುವಿನ ಮೇಲೆ ನನಗೆ ಅನುಮಾನ. ಯಾರೋ ಬಫಿಂಗ್ ಚಕ್ರಕ್ಕೆ ಕೊಟ್ಟು ಅದರ ವಯಸ್ಸನ್ನೇ ಅಳಿಸಿರುತ್ತಾರೆ.

ಕೊನೆಗೆ ಮುದ್ರೆ. ಶೆಫೀಲ್ಡ್ ಚಾಕುಗಳಲ್ಲಿ ಕಿರೀಟದ ಎರಡು ಬದಿಗೆ ವಿ ಮತ್ತು ಆರ್ ಅಕ್ಷರ ಇದ್ದರೆ ಸಾಮಾನ್ಯವಾಗಿ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1901ಕ್ಕಿಂತ ಹಿಂದಿನದು. ‘ಇಂಗ್ಲೆಂಡ್’ ಅಂತ ದೇಶದ ಹೆಸರು ಕೆತ್ತುವುದು ರೂಢಿಗೆ ಬಂದದ್ದು 1890ರ ಸುಮಾರಿಗೆ, ಅಮೆರಿಕದ ಆಮದು ಕಾನೂನಿನಿಂದ. ಬ್ರಿಟಿಷ್ ಸೈನ್ಯದ ಚಾಕುವಾದರೆ ಅಗಲ ಬಾಣದ ಗುರುತು ಇರುತ್ತದೆ, ಎಷ್ಟೋ ಸಲ ಇಸವಿಯೂ ಇರುತ್ತದೆ. ಅಮೆರಿಕದ ಕೇಸ್ ಕಂಪನಿಯವರದ್ದು ಇನ್ನೂ ಮಜಾ. 1970ರಲ್ಲಿ ಅಲಗಿನ ಬುಡದಲ್ಲಿ ಹತ್ತು ಚುಕ್ಕಿ ಹಾಕಿದರು, ಆಮೇಲೆ ವರ್ಷಕ್ಕೊಂದು ಚುಕ್ಕಿ ತೆಗೆಯುತ್ತಾ ಬಂದರು. ಆ ದಶಕದ ಚಾಕು ಸಿಕ್ಕರೆ ಚುಕ್ಕಿ ಎಣಿಸಿ ಹುಟ್ಟಿದ ವರ್ಷ ಹೇಳಬಹುದು. ಹೆಸರಾಂತ ಮುದ್ರೆಗಳನ್ನು ನಕಲು ಮಾಡಿದವರೂ ಬೇಕಾದಷ್ಟು. ಅಕ್ಷರ ಸೊಟ್ಟಗಿದ್ದರೆ ಕೆಳಗಿಟ್ಟು ಮುಂದೆ ಹೋಗಿ.

ಹಿಡಿಯ ವಿಷಯದಲ್ಲಿ ಹುಷಾರು. ಶೆಫೀಲ್ಡ್, ಜರ್ಮನಿಯ ಜೋಲಿಂಗನ್‌ಗಳ ಒಳ್ಳೆಯ ಚಾಕುಗಳಿಗೆ ಜಿಂಕೆ ಜಾತಿಯ ಕೊಂಬಿನ ಹಿಡಿ ಇರುತ್ತಿತ್ತು. ಆ ಕೊಂಬಿನಲ್ಲಿ ಬಹಳಷ್ಟು ಹೋಗುತ್ತಿದ್ದದ್ದು ಇಲ್ಲಿಂದಲೇ, ನಮ್ಮ ಕಾಡಿನ ಕಡವೆಯದ್ದು. ಇವತ್ತು ಕಡವೆ ಕೊಂಬು, ಜಿಂಕೆ ಕೊಂಬು, ಆನೆ ದಂತ ಇವುಗಳ ಖರೀದಿ ಮಾರಾಟ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ‘ಹಳೇದು ಸಾರ್, ಏನಾಗಲ್ಲ’ ಅನ್ನುತ್ತಾರೆ. 2023ರಲ್ಲಿ ಹುಲಿ ಉಗುರಿನ ಪದಕದ ಗಲಾಟೆ ನಮ್ಮ ರಾಜ್ಯದಲ್ಲೇ ಎಷ್ಟು ಮನೆ ಬಾಗಿಲು ತಟ್ಟಿತು ಅಂತ ನೆನಪಿದೆಯಲ್ಲ. ದನದ ಮೂಳೆ, ಎಮ್ಮೆ ಕೊಂಬು, ಮರ, ಹಿತ್ತಾಳೆ ಇವು ಸಾಕು. ವ್ಯತ್ಯಾಸ ಗೊತ್ತಾಗದಿದ್ದರೆ ಕೊಳ್ಳಬೇಡಿ.

ಮನೆಗೆ ತಂದ ಹಳೆಯ ಚಾಕುವಿಗೆ ಮೊದಲು ಸ್ನಾನ. ಉಗುರು ಬೆಚ್ಚಗಿನ ಸೋಪಿನ ನೀರು, ಹಳೆಯ ಟೂತ್‌ಬ್ರಷ್. ಮರದ ಹಿಡಿಯದ್ದನ್ನು ನೆನೆಹಾಕಬೇಡಿ. ಪೂರ್ತಿ ಒಣಗಿಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಇಪ್ಪತ್ತು ಸಲ ತೆರೆದು ಮುಚ್ಚಿ. ಕಪ್ಪು ಮಸಿ ಹೊರಗೆ ಬರುತ್ತದೆ, ಒರೆಸಿ, ಮತ್ತೊಂದು ತೊಟ್ಟು. ಒರೆಸುವ ಬಟ್ಟೆ ಬಿಳಿಯಾಗೇ ಉಳಿಯುವ ತನಕ. ಕೊಬ್ಬರಿ ಎಣ್ಣೆ ಅಲಗಿಗೆ ಪರವಾಗಿಲ್ಲ, ಕೀಲಿಗೆ ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಅಂಟಾಗುತ್ತದೆ. ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು. ಹಣ್ಣು ಹೆಚ್ಚದ ಚಾಕುವಾದರೆ ಹೊಲಿಗೆ ಯಂತ್ರದ ಎಣ್ಣೆಯೂ ಆದೀತು.

ಜೇಬಿನಲ್ಲಿ

ಕಾನೂನು ಏನನ್ನುತ್ತದೆ? ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ ಚಾಕು ಆಯುಧವಾಗುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದಾಗ, ಅದರಲ್ಲೂ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಮಾಡಿದ್ದಲ್ಲದಿದ್ದಾಗ. ನಮ್ಮ ಜೇಬಿನ ಚಾಕು ಅದರ ಅರ್ಧವೂ ಇಲ್ಲ. ಹಾಗಂತ ಎಲ್ಲಿ ಬೇಕಾದರೂ ಒಯ್ಯಬಹುದು ಅಂತಲ್ಲ. ದೆಹಲಿಯಲ್ಲಿ ಗುಂಡಿ ಚಾಕುಗಳಿಗೆ 1980ರಿಂದಲೇ ಬೇರೆ ಮಿತಿ ಇದೆ. ಊರಲ್ಲಿ ನಿಷೇಧಾಜ್ಞೆ ಇದ್ದ ದಿನ, ಜಾತ್ರೆ, ಮೆರವಣಿಗೆ, ರಾಜಕೀಯ ಸಭೆ, ಕೋರ್ಟು, ಶಾಲೆ ಇಲ್ಲೆಲ್ಲ ಮನೆಯಲ್ಲೇ ಬಿಡಿ. ಮೆಟ್ರೋ ಸ್ಕ್ಯಾನರ್ ಸಣ್ಣ ಚಾಕುವನ್ನೂ ಹಿಡಿಯುತ್ತದೆ. ವಿಮಾನದಲ್ಲಿ ಕೈಚೀಲದಲ್ಲಿ ಬೇಡ, ಚೆಕ್-ಇನ್ ಸಾಮಾನಿನಲ್ಲಿ ಹಾಕಿ. ಕೀ ಗೊಂಚಲಿನ ಪುಟ್ಟ ಚಾಕು ಮರೆತು ಹೋಗಿ ವಿಮಾನ ನಿಲ್ದಾಣದ ಡಬ್ಬಿಗೆ ಹಾಕಿ ಬಂದವರಲ್ಲಿ ನಾನೂ ಒಬ್ಬ.

ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಒಂದು ಸೂಚನೆ. ಅಲ್ಲಿ ಕಾರಣವಿಲ್ಲದೆ ಇಟ್ಟುಕೊಳ್ಳಬಹುದಾದದ್ದು ಬೀಗವಿಲ್ಲದ, 3 ಇಂಚು ಮೀರದ ಮಡಚುವ ಚಾಕು ಮಾತ್ರ. ಒಪಿನೆಲ್ 8ಕ್ಕೆ ಉಂಗುರದ ಬೀಗ ಇರುವುದರಿಂದ ಅದು ಅಡುಗೆಮನೆಯಲ್ಲೇ ಇರಲಿ.

ಬೀಗವಿಲ್ಲದ ಚಾಕು ಯಾವತ್ತೂ ಮಡಚಿಕೊಳ್ಳಬಹುದು, ಇದನ್ನು ಮರೆಯಬೇಡಿ. ನಾನು ಒಮ್ಮೆ ತೆಂಗಿನಕಾಯಿಯ ಕಣ್ಣು ಚುಚ್ಚಲು ಹೋದೆ. ಮೊನೆ ಸಿಕ್ಕಿಕೊಂಡಿತು, ಕೈ ಮುಂದೆ ಹೋಯಿತು, ಅಲಗು ತೋರುಬೆರಳಿನ ಮೇಲೆ ಮುಚ್ಚಿತು. ಮೂರು ಹೊಲಿಗೆ. ‘ಕಾಯಿ ಒಡೆಯೋಕೆ ಮನೇಲಿ ಕತ್ತಿ ಇರಲಿಲ್ವಾ?’ ಅಂದರು ಡಾಕ್ಟರು. ಚುಚ್ಚಬೇಡಿ, ಮೀಟಬೇಡಿ, ಸ್ಕ್ರೂ ತಿರುಗಿಸಬೇಡಿ. ಕೊಯ್ಯಿರಿ. ಅಡಿಕೆಗೆ ಅಡಕತ್ತರಿ ಇದೆ. ಬೇರೆಯವರಿಗೆ ಕೊಡುವಾಗ ಮಡಚಿ ಕೊಡಿ. ನಮ್ಮ ಮನೆಯಲ್ಲಿ ಚೂರಿಯನ್ನು ಕೈಯಿಂದ ಕೈಗೆ ಕೊಡುವ ಹಾಗೇ ಇಲ್ಲ, ಜಗಳ ಆಗುತ್ತದಂತೆ, ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ಜಗಳದ ವಿಷಯ ಗೊತ್ತಿಲ್ಲ, ಬೆರಳಿಗಂತೂ ಒಳ್ಳೆಯ ಪದ್ಧತಿ.

ಮಳೆಗಾಲ ಕಳೆಯುವುದು

ಚರ್ಮದ ಒರೆಯಲ್ಲಿಟ್ಟು ತಿಂಗಳುಗಟ್ಟಲೆ ಮರೆಯಬೇಡಿ. ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿರುತ್ತದೆ, ಒರೆಯೊಳಗೇ ತುಕ್ಕು ಬೆಳೆಯುತ್ತದೆ. ಅಲಗಿಗೆ ತೆಳ್ಳಗೆ ಎಣ್ಣೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಶೂ ಡಬ್ಬಿಯಲ್ಲಿ ಬರುತ್ತವಲ್ಲ, ಆ ಪೊಟ್ಟಣ ಎಸೆಯಬೇಡಿ.

ಸಂಗ್ರಹ ಬೆಳೆದವರಿಗೆ ಇನ್ನೊಂದು. ಹಳೆಯ ಚಾಕುಗಳಲ್ಲಿ ಬಣ್ಣಬಣ್ಣದ, ಪ್ಲಾಸ್ಟಿಕ್ಕಿನಂಥ ಹಿಡಿ ಇದ್ದರೆ ಅದು ಸೆಲ್ಯುಲಾಯ್ಡ್ ಆಗಿರಬಹುದು. ವಯಸ್ಸಾದ ಸೆಲ್ಯುಲಾಯ್ಡ್ ಕೊಳೆಯುತ್ತಾ ಆಮ್ಲದ ಅನಿಲ ಬಿಡುತ್ತದೆ. ತನ್ನ ಅಲಗನ್ನು ತಿನ್ನುವುದಲ್ಲದೆ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ. ಒಂದೇ ಡಬ್ಬಿಯಲ್ಲಿ ಕಾರಣವಿಲ್ಲದೆ ಎರಡು ಮೂರು ಚಾಕು ಕೆಂಪಾದರೆ ಮಧ್ಯದಲ್ಲಿ ಇಂಥದ್ದೊಂದು ಕೂತಿದೆಯಾ ನೋಡಿ. ಅದನ್ನು ಬೇರೆ, ಗಾಳಿಯಾಡುವ ಕಡೆ ಇಡಿ. ಬೆಂಕಿಯಿಂದ ದೂರ, ಅದು ಬೇಗ ಹೊತ್ತಿಕೊಳ್ಳುವ ವಸ್ತು.

ಅಜ್ಜನ ಚೂರಿಯ ನೀಲಿ ಭಾಗವನ್ನು ನಾನು 400ರ ಕಲ್ಲಿನಲ್ಲಿ, ಕೈಯಲ್ಲೇ, ದಿನಕ್ಕೆ ಸ್ವಲ್ಪ ಸ್ವಲ್ಪ ಸವೆಸಿ ತೆಗೆದೆ. ಮೊನೆ ಒಂದಿಷ್ಟು ಹಿಂದೆ ಬಂತು, ಕೊಯ್ಯುವುದು ಮೊದಲಿನಂತಾಯಿತು. ಈಗ ಅದಕ್ಕೆ ವರ್ಷಕ್ಕೆ ಒಂದೇ ಗಂಡಾಂತರ, ಆಯುಧಪೂಜೆ. ಒದ್ದೆ ಕುಂಕುಮ ರಾತ್ರಿಯಿಡೀ ಅಲಗಿನ ಮೇಲೆ ಕೂತರೆ ಬೆಳಿಗ್ಗೆ ಕುಂಕುಮದ ಕೆಳಗೆ ಅದೇ ಗಾತ್ರದ ತುಕ್ಕಿನ ಬೊಟ್ಟು. ಕುಂಕುಮವನ್ನು ಹಿಡಿಗೆ ಹಚ್ಚು ಅಂತ ಅಮ್ಮನಿಗೆ ಹೇಳಿ ಸಾಕಾಯಿತು. ‘ಪೂಜೆ ಅಲಗಿಗೋ, ಹಿಡಿಗೋ?’ ಅನ್ನುತ್ತಾಳೆ. ಅವಳು ಅಲಗಿಗೇ ಹಚ್ಚುತ್ತಾಳೆ. ಮಂಗಳಾರತಿ ಆಗಿ ಒಂದು ಗಂಟೆ ಬಿಟ್ಟು ನಾನು ಮೆಲ್ಲಗೆ ಹೋಗಿ ಒರೆಸಿ, ಎಣ್ಣೆ ಸವರಿ, ಅಲ್ಲೇ ಇಟ್ಟು ಬರುತ್ತೇನೆ.